ಹಳೇ ಬೀಟಲ್ಲಿನ ನಾಡಿ ಹಿಡಿಯುವ ಮುಳ್ಳು

ನಮ್ಮ ಕೂಟದಲ್ಲಿ ಐವತ್ತು ದಾಟಿದವರನ್ನು ಕೇಳಿ ನೋಡಿ, ಕಾರು ಓಡಿಸಲು ಕಲಿತದ್ದು ಹೇಗೆ ಅಂತ. ಹೆಚ್ಚಿನವರು ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿಯ ಹೆಸರು ಹೇಳುತ್ತಾರೆ. ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಕೋಲು, ಎಡಗಡೆ ಸೀಟಿನಲ್ಲಿ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು, "ಸೌಂಡು ಕೇಳ್ರೀ, ಸೌಂಡು! ಎಂಜಿನ್ ಅಳ್ತಾ ಇದೆ, ಗೇರ್ ಇಳಿಸಿ" ಎಂಬ ಗದರಿಕೆ! ಗೇರು ಬದಲಿಸುವ ಹೊತ್ತನ್ನು ಕಿವಿಯೇ ಹೇಳಬೇಕಿತ್ತು. ಎಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮುಳ್ಳು ಆ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಇರಲಿಲ್ಲ.

ಇಲ್ಲಿ ಅಮೆರಿಕದಲ್ಲಿ ಕಥೆ ಉಲ್ಟಾ. ನಮ್ಮ ಕ್ಯಾಮ್ರಿ, ಅಕಾರ್ಡ್‌ಗಳಲ್ಲಿ ಆ ಮುಳ್ಳು ಸ್ಪೀಡೋಮೀಟರಿನಷ್ಟೇ ದೊಡ್ಡದಾಗಿ ಕೂತಿರುತ್ತದೆ. ಆದರೆ ಗೇರು ತಾನೇ ಬದಲಾಗುವ ಕಾರಿನಲ್ಲಿ ಅದನ್ನು ನೋಡುವವರು ಯಾರು? ಬೇಕಿದ್ದಾಗ ಇರಲಿಲ್ಲ, ಇದ್ದಾಗ ಬೇಕಾಗಿಲ್ಲ. ಹಲ್ಲು ಮತ್ತು ಕಡಲೆಯ ಗಾದೆ ನೆನಪಾದರೆ ತಪ್ಪಿಲ್ಲ!

ಈ ಮುಳ್ಳಿನ ಯಂತ್ರಕ್ಕೆ ಟ್ಯಾಕೋಮೀಟರ್ ಎಂದು ಹೆಸರು. ಅದಿಲ್ಲದ ಹಳೆಯ ಕಾರಿಗೆ ಅಂಗಡಿಯಿಂದ ಒಂದನ್ನು ತಂದು ಮನೆಯಲ್ಲೇ ಕೂರಿಸುವುದು ಹೇಗೆ ಎಂಬುದು ಈ ಬಾರಿಯ ಬರಹ. ಸ್ಕ್ರೂಡ್ರೈವರ್ ಹಿಡಿಯಲು ಇಷ್ಟವಿಲ್ಲದವರೂ ಓದಬಹುದು. ನಿಮ್ಮ ಮಗನೋ ಮಗಳೋ "ಅಪ್ಪಾ, ಹಳೇ ಕಾರು ತಗೊಳ್ಳೋಣ" ಎಂದು ಕೇಳುವ ದಿನ ಬಂದೇ ಬರುತ್ತದೆ. ನಮ್ಮ ಮನೆಗೆ ಬಂತು.

ಕಾರು 1971ರ ಫೋಕ್ಸ್‌ವ್ಯಾಗನ್ ಬೀಟಲ್. ಕನ್ನಡದಲ್ಲಿ ಜೀರುಂಡೆ. ಮಗನಿಗೆ 18 ವರ್ಷ, ಅದಕ್ಕೆ ಐವತ್ತರ ಮೇಲೆ. ಅಂಗಳಕ್ಕೆ ಬಂದ ದಿನ ನನ್ನಾಕೆ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ, "ರೀ, ಇದಕ್ಕೆ ನನಗಿಂತ ವಯಸ್ಸಾಗಿದೆ. ಮಂಗಳಾರತಿ ಎತ್ತಲೋ, ನಮಸ್ಕಾರ ಮಾಡಲೋ?" ಎಂದಳು. ಈ ಮಾದರಿಯ ಮೇಲೆ ಮಗನಿಗೆ ಮೋಹ ಹುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ. 1972ರ ಫೆಬ್ರವರಿಯಲ್ಲಿ ಇದು ಫೋರ್ಡ್ ಮಾಡೆಲ್ ಟಿ ಕಾರಿನ ಉತ್ಪಾದನೆಯ ದಾಖಲೆಯನ್ನು ಮುರಿಯಿತು. 2003ರಲ್ಲಿ ಮೆಕ್ಸಿಕೋದ ಪ್ವೆಬ್ಲಾ ಕಾರ್ಖಾನೆಯಿಂದ ಕೊನೆಯದು ಹೊರಬರುವ ಹೊತ್ತಿಗೆ 2 ಕೋಟಿ 15 ಲಕ್ಷಕ್ಕೂ ಹೆಚ್ಚು ಬೀಟಲ್‌ಗಳು ತಯಾರಾಗಿದ್ದವು. ಬಿಡಿಭಾಗಗಳು ಈಗಲೂ ಸಿಗುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಕಾರುಗಳಿಗೆ ಸ್ಮಾಗ್ ಪರೀಕ್ಷೆಯ ಕಾಟವೂ ಇಲ್ಲ.

ನನಗೆ ಚಿಂತೆ ಇದ್ದದ್ದು ಬೇರೆ. ಮಗನ ಕಾಲೇಜು ಫ್ರೆಸ್ನೋ ಕಡೆ, ನಮ್ಮ ಮನೆ ಲಾಸ್ ಏಂಜಲೀಸ್ ಕಡೆ. ನಡುವೆ ಗ್ರೇಪ್‌ವೈನ್ ಎಂದು ಎಲ್ಲರೂ ಕರೆಯುವ ಏರು. ಐ-5 ಹೆದ್ದಾರಿ ಕಣಿವೆಯ ಸಮತಟ್ಟಿನಿಂದ ಒಮ್ಮೆಲೇ ಎದ್ದು, 4,100 ಅಡಿಗೂ ಎತ್ತರದ ಟೆಹೋನ್ ಪಾಸ್‌ಗೆ ಹತ್ತುತ್ತದೆ. ಶೇಕಡಾ 6ರ ಏರು, ಮೈಲಿಗಟ್ಟಲೆ. ನಮ್ಮ ಶಿರಾಡಿ ಘಾಟಿಯ ತಿರುವುಗಳಿಲ್ಲ, ನಿಜ. ಆದರೆ ಅಲ್ಲಿನ ತಂಪು, ನೆರಳು, ನೀರಿನ ಝರಿಗಳೂ ಇಲ್ಲ. ಸೆಪ್ಟೆಂಬರಿನ ಮಧ್ಯಾಹ್ನ ನೂರು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲಿ ಹೊಸ ಕಾರುಗಳೇ ಬಾನೆಟ್ ತೆರೆದುಕೊಂಡು ರಸ್ತೆ ಬದಿ ನಿಂತಿರುತ್ತವೆ.

ಬೀಟಲ್ಲಿನಲ್ಲಿ ರೇಡಿಯೇಟರ್ ಇಲ್ಲ, ನೀರಿಲ್ಲ. ಎಂಜಿನ್ನು ಹಿಂದುಗಡೆ, ಡಿಕ್ಕಿ ಇರಬೇಕಾದ ಜಾಗದಲ್ಲಿ. ಅದನ್ನು ತಂಪಾಗಿಡುವುದು ಗಾಳಿ. ಗಾಳಿ ಊದುವ ಫ್ಯಾನು ಜನರೇಟರಿನ ತುದಿಯಲ್ಲಿದೆ. ಜನರೇಟರನ್ನು ತಿರುಗಿಸುವುದು ಎಂಜಿನ್ನಿನಿಂದ ಬರುವ ಒಂದೇ ಬೆಲ್ಟು. ಅಂದರೆ ಎಂಜಿನ್ ನಿಧಾನವಾಗಿ ತಿರುಗಿದರೆ ಫ್ಯಾನೂ ನಿಧಾನ. ಏರಿನಲ್ಲಿ ನಾಲ್ಕನೇ ಗೇರಿನಲ್ಲೇ ಆಕ್ಸಿಲರೇಟರ್ ಪೂರ್ತಿ ತುಳಿದು ಉಬ್ಬಸ ಪಡುತ್ತಾ ಹತ್ತಿಸಿದರೆ, ಶಾಖ ಹುಟ್ಟುವುದು ಜಾಸ್ತಿ, ಗಾಳಿ ಬೀಸುವುದು ಕಮ್ಮಿ. ಒಲೆಗೆ ಸೌದೆ ತುರುಕಿ, ಬೀಸಣಿಗೆ ಕೆಳಗಿಟ್ಟ ಹಾಗೆ. ಒಳಗಿರುವ ಎಣ್ಣೆ ಎರಡೂವರೆ ಲೀಟರ್ ಅಷ್ಟೆ. ಶಾಖ ಹೊರುವ ಕೆಲಸದಲ್ಲಿ ಅದಕ್ಕೂ ಪಾಲಿದೆ. ಎಂಜಿನ್ನಿನ ಶಾಖ ತೋರಿಸುವ ಮೀಟರನ್ನು ಕಂಪನಿ ಕೊಟ್ಟಿಲ್ಲ. ಟ್ಯಾಕೋಮೀಟರನ್ನೂ ಕೊಟ್ಟಿಲ್ಲ.

ನಮ್ಮ ತಲೆಮಾರಿನವರಿಗಾದರೆ ಕಿವಿ ಇದೆ. ಆಟೋಮ್ಯಾಟಿಕ್ ಕಾರುಗಳಲ್ಲಿ ಹಾಡು ಕೇಳುತ್ತಾ ಬೆಳೆದ ಹುಡುಗನಿಗೆ ಎಂಜಿನ್ನಿನ ಅಳುವೂ ಒಂದೇ, ನಗುವೂ ಒಂದೇ. ಅವನಿಗೆ ಅಂಕಿ ಬೇಕು. ಹಾಗಾಗಿ ಈ ಕಾರಿನ ಮಟ್ಟಿಗೆ ಟ್ಯಾಕೋಮೀಟರ್ ಶೋಕಿಯಲ್ಲ, ಫ್ಯಾನು ಎಷ್ಟು ಜೋರಾಗಿ ಬೀಸುತ್ತಿದೆ ಎಂದು ಹೇಳುವ ಸಾಧನ ಎಂದು ತೀರ್ಮಾನಿಸಿದೆ.

"ಅಪ್ಪಾ, ಓಬಿಡಿ ಪ್ಲಗ್ಗಿಗೆ ಬ್ಲೂಟೂತ್ ಹಾಕಿದ್ರೆ ಫೋನಲ್ಲೇ ಆರ್‌ಪಿಎಂ ಬರುತ್ತಲ್ಲ?" ಎಂದ ಮಗರಾಯ. ಬರುತ್ತೆ ಕಣೋ, 1996ರ ಮೇಲಿನ ಕಾರುಗಳಲ್ಲಿ. ಈ ಜೀರುಂಡೆಯಲ್ಲಿ ಮಾತಾಡಿಸಲು ಕಂಪ್ಯೂಟರೇ ಇಲ್ಲ. ಹಳೇ ಪಂಡಿತರ ಹಾಗೆ ಕೈ ಹಿಡಿದು ನಾಡಿ ನೋಡಬೇಕು.

ಆ ನಾಡಿ ಎಲ್ಲಿ ಸಿಗುತ್ತದೆ? ಇದೊಂದು ಅರ್ಥವಾದರೆ ಉಳಿದದ್ದು ಬರೀ ವೈರು ಎಳೆಯುವ ಕೆಲಸ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹುಟ್ಟಿಸುವುದು ಇಗ್ನಿಷನ್ ಕಾಯಿಲ್. ಬ್ಯಾಟರಿಯ 12 ವೋಲ್ಟ್ ಅದರ ಒಂದು ತುದಿಯಿಂದ ಒಳಗೆ ಹೋಗಿ, ಇನ್ನೊಂದು ತುದಿಯಿಂದ ಹೊರಬಂದು, ಡಿಸ್ಟ್ರಿಬ್ಯೂಟರಿನ ಒಳಗಿರುವ ಪಾಯಿಂಟ್ ಮೂಲಕ ಅರ್ತ್ ಆಗುತ್ತದೆ. ಊರಿನಲ್ಲಿ ಸ್ಕೂಟರ್ ಇಟ್ಟುಕೊಂಡಿದ್ದವರಿಗೆ 'ಸಿಬಿ ಪಾಯಿಂಟ್' ಗೊತ್ತಲ್ಲ, ಉಪ್ಪು ಕಾಗದದಿಂದ ಉಜ್ಜಿ ಉಜ್ಜಿ ಸ್ಟಾರ್ಟ್ ಮಾಡುತ್ತಿದ್ದೆವಲ್ಲ, ಅದೇ ಜಾತಿಯದು. ಪಾಯಿಂಟ್ ಮುಚ್ಚಿದ್ದಾಗ ಕಾಯಿಲಿನಲ್ಲಿ ಕರೆಂಟು ಹರಿಯುತ್ತಿರುತ್ತದೆ. ಪಾಯಿಂಟ್ ತೆರೆದ ಕ್ಷಣ ಆ ಹರಿವು ತಟ್ಟನೆ ಕಡಿಯುತ್ತದೆ. ಜೋರಾಗಿ ಬರುತ್ತಿರುವ ನೀರಿನ ವಾಲ್ವನ್ನು ಒಮ್ಮೆಲೇ ಮುಚ್ಚಿದರೆ ಪೈಪು 'ಧಡ್' ಎಂದು ಒದೆಯುವುದನ್ನು ಕೇಳಿದ್ದೀರಾ? ಇದೂ ಹಾಗೆಯೇ. ಕಾಯಿಲಿನ ಒಳಸುತ್ತಿನಲ್ಲಿ ಸಾವಿರಾರು ವೋಲ್ಟ್ ಎದ್ದು ಸ್ಪಾರ್ಕ್ ಪ್ಲಗ್ಗಿಗೆ ಹಾರುತ್ತದೆ. ಪಾಯಿಂಟ್ ಕಡೆಯ ತುದಿಯಲ್ಲೂ ಕಣ್ಣು ಮಿಟುಕಿಸುವುದಕ್ಕಿಂತ ಕಮ್ಮಿ ಹೊತ್ತು ಇನ್ನೂರು ಮುನ್ನೂರು ವೋಲ್ಟಿನ ಒಂದು ಒದೆತ ಕಾಣಿಸಿಕೊಳ್ಳುತ್ತದೆ. ಚಾರ್ಲ್ಸ್ ಕೆಟರಿಂಗ್ ಎಂಬ ಅಮೆರಿಕನ್ ಎಂಜಿನಿಯರ್ 1910ರ ಹೊತ್ತಿಗೆ ಕ್ಯಾಡಿಲಾಕ್ ಕಾರಿಗಾಗಿ ರೂಪಿಸಿದ ಏರ್ಪಾಡು ಇದು. ಅರವತ್ತು ವರ್ಷಗಳ ನಂತರದ ನಮ್ಮ ಬೀಟಲ್ಲಿನಲ್ಲೂ ಮೂಲತಃ ಅದೇ ಇದೆ.

ಪಾಯಿಂಟ್ ಕಡೆಯ ಆ ತುದಿಯೇ ನಾಡಿ. ಒಂದು ಕಿಡಿಗೆ ಒಂದು ಒದೆತ. ನಾಲ್ಕು ಸಿಲಿಂಡರ್, ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೂ ಎರಡು ಸುತ್ತಿಗೆ ಒಂದು ಕಿಡಿ. ಒಟ್ಟು ಲೆಕ್ಕ ಸುತ್ತಿಗೆ ಎರಡು. ಆರು ಸಿಲಿಂಡರಾದರೆ ಮೂರು, ಎಂಟಾದರೆ ನಾಲ್ಕು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ನಮ್ಮ ಕಾಯಿಲಿನಲ್ಲಿ ಸೆಕೆಂಡಿಗೆ 100 ಒದೆತ. ಟ್ಯಾಕೋಮೀಟರ್ ಮಾಡುವುದು ಇವುಗಳನ್ನು ಎಣಿಸುವ ಕೆಲಸ, ಅಷ್ಟೇ. ಎಂಜಿನ್ನಿಗೆ ಅದು ಕೈ ಕೂಡ ತಾಗಿಸುವುದಿಲ್ಲ.

ಇದು ಗೊತ್ತಾದ ಮೇಲೆ, ಮೀಟರಿನ ಹಿಂಬದಿಯಲ್ಲಿ 4, 6, 8 ಎಂದು ಬರೆದ ಪುಟ್ಟ ಸ್ವಿಚ್ ಏಕಿದೆ ಎಂದು ಮಗನೇ ನನಗೆ ವಿವರಿಸಿದ. 8ಕ್ಕೆ ಇಟ್ಟರೆ ಅದು ಸುತ್ತಿಗೆ ನಾಲ್ಕು ಒದೆತ ಬರುತ್ತದೆಂದು ನಂಬಿಕೊಂಡು, ನಿಜವಾದ ವೇಗದ ಅರ್ಧವನ್ನಷ್ಟೇ ತೋರಿಸುತ್ತದೆ. ಅಮೆರಿಕದಲ್ಲಿ ಮಾರುವ ಮೀಟರುಗಳು ಹಲವು ಸಲ ಪೆಟ್ಟಿಗೆಯಿಂದ ಬರುವಾಗಲೇ 8ಕ್ಕೆ ಇಟ್ಟಿರುತ್ತವೆ. ಡ್ಯಾಶ್‌ಬೋರ್ಡಿಗೆ ಕೂರಿಸುವ ಮೊದಲೇ ನೋಡಿ. ಆಮೇಲೆ ಬಿಚ್ಚುವುದು ತಲೆನೋವು.

ಇನ್ನು ಕೆಲಸ. ಮೀಟರಿನಿಂದ ಹೊರಡುವುದು ನಾಲ್ಕು ವೈರು. ಸಾಮಾನ್ಯವಾಗಿ ಕೆಂಪು ಅಂದರೆ 12 ವೋಲ್ಟ್, ಕಪ್ಪು ಅಂದರೆ ಅರ್ತ್, ಹಸಿರು ಅಂದರೆ ಕಾಯಿಲಿನ ಸಂಕೇತ, ಬಿಳಿ ಅಂದರೆ ರಾತ್ರಿ ಮೀಟರಿನೊಳಗೆ ಉರಿಯುವ ದೀಪ. ಬಣ್ಣದ ಮೇಲೆ ಪೂರ್ತಿ ಭರವಸೆ ಇಡಬೇಡಿ, ಜೊತೆಗೆ ಬಂದ ಚೀಟಿ ಓದಿ. ನಮ್ಮವರು ಚೀಟಿ ಓದುವುದು ಎಲ್ಲ ಕೆಟ್ಟ ಮೇಲೆ ತಾನೇ!

ಜರ್ಮನ್ ಕಾರುಗಳಲ್ಲಿ ಒಂದು ಸುಖವಿದೆ. ಪ್ರತಿ ವೈರು ತುದಿಗೂ ನಂಬರು. ಡಿಐಎನ್ 72552 ಎಂಬ ಜರ್ಮನ್ ಮಾನಕದ ಪ್ರಕಾರ 30 ಅಂದರೆ ಬ್ಯಾಟರಿಯಿಂದ ನೇರ, ಸದಾ ಜೀವಂತ. 15 ಅಂದರೆ ಕೀಲಿ ತಿರುಗಿಸಿದಾಗ ಮಾತ್ರ ಜೀವಂತ. 31 ಅರ್ತ್. 58 ಪಾರ್ಕಿಂಗ್ ಮತ್ತು ಮೀಟರು ದೀಪಗಳ ಸಾಲು. ಮತ್ತು 1 ಅಂದರೆ, ಮೇಲೆ ಹೇಳಿದ ನಾಡಿ, ಕಾಯಿಲಿನ ಪಾಯಿಂಟ್ ಕಡೆಯ ತುದಿ. ಈ ಐದು ಅಂಕಿ ಬಾಯಿಪಾಠ ಮಾಡಿದರೆ ಬೀಟಲ್ಲಿನ ವೈರಿಂಗ್ ನಕ್ಷೆ ಮಗ್ಗಿ ಪುಸ್ತಕದಷ್ಟು ಸುಲಭ.

ಶನಿವಾರ ಬೆಳಿಗ್ಗೆ ಕಾಫಿ ಮುಗಿಸಿ ಮೊದಲು ಮಾಡಿದ ಕೆಲಸ ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿದ್ದು. ಬೀಟಲ್ಲಿನಲ್ಲಿ ಬ್ಯಾಟರಿ ಇರುವುದು ಹಿಂದಿನ ಸೀಟಿನ ಕೆಳಗೆ, ಬಲಗಡೆ. ಒಂದು ಎಚ್ಚರಿಕೆ, ಈ ಕಾರು ಕೊಳ್ಳುವ ಯಾರಿಗೇ ಆದರೂ: ಸೀಟಿನ ಕೆಳಗಿನ ಉಕ್ಕಿನ ಸ್ಪ್ರಿಂಗು ಭಾರವಾದವರು ಕೂತಾಗ ಬ್ಯಾಟರಿಯ ತುದಿಗಳಿಗೆ ತಾಗಿ, ಸೀಟಿನ ನಾರಿಗೆ ಬೆಂಕಿ ಹತ್ತಿದ ಪ್ರಸಂಗಗಳು ಬೀಟಲ್ ಬಳಗದಲ್ಲಿ ಹೆಸರಾದವು. ಬ್ಯಾಟರಿಯ ಮೇಲೆ ಮುಚ್ಚಳ ಇರಲೇಬೇಕು. ನಮ್ಮದರಲ್ಲಿ ಇರಲಿಲ್ಲ. ಟ್ಯಾಕೋಮೀಟರಿಗೂ ಮೊದಲು ಅದನ್ನು ತರಿಸಿ ಹಾಕಿದೆವು.

ಆಮೇಲೆ ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚು ಹಿಡಿದು ತಲೆ ತೂರಿಸಿದ ಮಗ, "ಅಪ್ಪಾ, ಇಲ್ಲಿ ಯಾರೋ ಮೊದಲೇ ಬಂದು ಹೋಗಿದಾರೆ" ಎಂದ. ನಿಜ. ಹಿಂದಿನ ಮಾಲೀಕರಲ್ಲಿ ಯಾರೋ ಒಬ್ಬರು ಎಂದೋ ಒಂದು ಟ್ಯಾಕೋಮೀಟರ್ ಹಾಕಿ, ಎಂದೋ ಕಿತ್ತುಕೊಂಡು ಹೋಗಿದ್ದರು. ಮೀಟರ್ ಹೋಗಿತ್ತು, ವೈರುಗಳು ಉಳಿದಿದ್ದವು. ಕೆಂಪು ವೈರನ್ನು ಫ್ಯೂಸ್ ಪೆಟ್ಟಿಗೆಯ ಹಿಂದೆ 30ನೇ ಸಾಲಿಗೆ, ಅಂದರೆ ಸದಾ ಜೀವಂತವಾದ ಕಡೆಗೆ, ಫ್ಯೂಸೇ ಇಲ್ಲದೆ ಸುತ್ತಿ ಕಪ್ಪು ಟೇಪು ಅಂಟಿಸಿದ್ದರು. ಟೇಪಿನ ಅಂಟು ಒಣಗಿ ವೈರಿನ ತುದಿ ಬೆತ್ತಲಾಗಿ ನೇತಾಡುತ್ತಿತ್ತು. ಕಾಯಿಲಿನಿಂದ ಬರುವ ವೈರು ಹಿಂದಿನ ಸೀಟಿನ ಬೆನ್ನಿನ ತಗಡಿನಲ್ಲಿ ಕೊರೆದ ಬರೀ ತೂತಿನ ಮೂಲಕ ಹಾದು ಬಂದಿತ್ತು. ತಗಡಿನ ಅಂಚು ಅದರ ಪ್ಲಾಸ್ಟಿಕ್ಕನ್ನು ಅರ್ಧಕ್ಕೂ ಹೆಚ್ಚು ಕೊಯ್ದಿತ್ತು.

ಈ ಎರಡೂ ಸಣ್ಣ ವಿಷಯಗಳಲ್ಲ.

ಕೆಂಪು ವೈರಿನ ಮಾತು ಎಲ್ಲರಿಗೂ ತಿಳಿದದ್ದೇ. ಫ್ಯೂಸಿಲ್ಲದ ವೈರು ಬಾಡಿಗೆ ತಾಗಿದರೆ ಬ್ಯಾಟರಿಯ ಪೂರ್ತಿ ಶಕ್ತಿ ಅದರಲ್ಲಿ ಹರಿದು, ವೈರೇ ಹೀಟರ್ ಕಾಯಿಲ್ ಆಗುತ್ತದೆ. ಅದು ಕಾರು ನಿಲ್ಲಿಸಿ ಮಲಗಿದ ಮೇಲೆ, ಮಧ್ಯರಾತ್ರಿಯೂ ಆಗಬಹುದು.

ಕಾಯಿಲಿನ ವೈರು ಇನ್ನೂ ಕುತೂಹಲಕಾರಿ. 1ನೇ ತುದಿಯ ವೈರು ಬಾಡಿಗೆ ತಾಗಿತು ಎನ್ನೋಣ. ಆಗ ಏನಾಗುತ್ತದೆ? ಪಾಯಿಂಟ್ ತೆರೆದರೂ ಕರೆಂಟಿಗೆ ಇನ್ನೊಂದು ದಾರಿ ಸಿಕ್ಕಿಬಿಟ್ಟಿದೆ. ಹರಿವು ಕಡಿಯುವುದೇ ಇಲ್ಲ. ಹರಿವು ಕಡಿಯದಿದ್ದರೆ ಒದೆತವಿಲ್ಲ, ಒದೆತವಿಲ್ಲದಿದ್ದರೆ ಕಿಡಿಯಿಲ್ಲ. ಎಂಜಿನ್ನು ಆ ಕ್ಷಣವೇ ಬಂದ್. ಹಿಂದಿನ ಕಾಲದಲ್ಲಿ ಕಳ್ಳರಿಂದ ಕಾರು ಉಳಿಸಲು ಇದೇ ತುದಿಯನ್ನು ಗುಟ್ಟಾದ ಸ್ವಿಚ್ಚಿನಿಂದ ಅರ್ತ್ ಮಾಡುವ ಉಪಾಯ ಇತ್ತು. ಕಳ್ಳನಿಗೆ ಆಗುವುದು ನಮಗೂ ಆಗುತ್ತದೆ. ಗ್ರೇಪ್‌ವೈನ್ ಏರಿನಲ್ಲಿ, ಹಿಂದೆ ಹದಿನೆಂಟು ಚಕ್ರದ ಟ್ರಕ್ಕು ಬರುತ್ತಿರುವಾಗ, ಒಂದು ಸಣ್ಣ ಹಸಿರು ವೈರಿನ ಪ್ಲಾಸ್ಟಿಕ್ ಹರಿದು ಎಂಜಿನ್ ನಿಂತರೆ? ನಾನು ಮಗನಿಗೆ ಇಷ್ಟು ಹೇಳಿ ಸುಮ್ಮನಾದೆ. ಅವನು ಆ ಹಳೆಯ ವೈರನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿ, "ಹೊಸದು ಹಾಕೋಣಪ್ಪ" ಎಂದ.

ಹಾಗಾಗಿ ಹಳೆಯದನ್ನೆಲ್ಲ ಕಿತ್ತು ಹೊಸ 18 ಗೇಜಿನ ವೈರು ಎಳೆದೆವು. ಎಂಜಿನ್ ಹಿಂದೆ, ಮೀಟರ್ ಮುಂದೆ ಇರುವುದರಿಂದ ಬೀಟಲ್ಲಿನಲ್ಲಿ ಈ ವೈರು ಉದ್ದ. 16 ಅಡಿ ತಂದದ್ದರಲ್ಲಿ ಸ್ವಲ್ಪವೇ ಉಳಿಯಿತು. ಡ್ರೈವರ್ ಕಡೆಯ ಬಾಗಿಲ ಅಂಚಿನ ಉದ್ದಕ್ಕೂ ಮ್ಯಾಟಿನ ಕೆಳಗೆ, ಹಿಂದಿನ ಸೀಟಿನ ಎಡಮೂಲೆಯವರೆಗೆ. ಬ್ಯಾಟರಿ ಬಲಗಡೆ ಇರುವುದರಿಂದ ಎಡಗಡೆಯ ದಾರಿ ಕ್ಷೇಮ. ಮ್ಯಾಟಿನ ಕೆಳಗಿನ ಭಾಗಕ್ಕೆ ಪ್ಲಾಸ್ಟಿಕ್ ಕೊಳವೆ ಹೊದಿಸಿದೆವು, ಕಾಲ್ತುಳಿತಕ್ಕೆ ಸಿಗದಿರಲಿ ಅಂತ. ತಗಡಿನ ತೂತಿನ ಅಂಚನ್ನು ಅರದಿಂದ ಉಜ್ಜಿ, ಅಳತೆಗೆ ಸರಿಯಾದ ರಬ್ಬರ್ ಗ್ರಾಮೆಟ್ ಕೂರಿಸಿ, ಅದರೊಳಗಿಂದ ವೈರು ಹಾಯಿಸಿದೆವು. ಗ್ರಾಮೆಟ್ ಅಂದರೆ ಮಧ್ಯೆ ತೂತಿರುವ ರಬ್ಬರಿನ ಬಳೆ. ಕೆಲವೇ ಸೆಂಟಿನ ಸಾಮಾನು. ಇಡೀ ಕೆಲಸದಲ್ಲಿ ಯಾವುದನ್ನು ಮರೆಯಬಾರದು ಎಂದು ಕೇಳಿದರೆ ನಾನು ತೋರಿಸುವುದು ಇದನ್ನೇ.

ಎಂಜಿನ್ ಕೋಣೆಯಲ್ಲಿ ಸ್ಪಾರ್ಕ್ ಪ್ಲಗ್ಗಿನ ದಪ್ಪ ವೈರುಗಳಿಂದ ಹಸಿರು ವೈರನ್ನು ದೂರ ಇಡಬೇಕು, ಅವುಗಳ ಗದ್ದಲ ಇದಕ್ಕೆ ಹತ್ತಿದರೆ ಮುಳ್ಳು ಕುಣಿಯುತ್ತದೆ. ಬಿಸಿಯಾಗುವ ಭಾಗಗಳಿಂದಲೂ, ಬೆಲ್ಟಿನಿಂದಲೂ ದೂರ. ಕಾಯಿಲ್ ಇರುವುದು ಫ್ಯಾನಿನ ತಗಡಿನ ಕವಚದ ಮೇಲೆ. ಅದರ 1ನೇ ತುದಿಯಲ್ಲಿ ಡಿಸ್ಟ್ರಿಬ್ಯೂಟರಿಗೆ ಹೋಗುವ ವೈರು ಮೊದಲೇ ಇರುತ್ತದೆ, ಅದನ್ನು ತೆಗೆಯದೆ ಜೊತೆಗೆ ನಮ್ಮದನ್ನೂ ಸಿಕ್ಕಿಸಬೇಕು.

ಇಲ್ಲಿ ನಾನೊಂದು ಹೆಚ್ಚುವರಿ ಕೆಲಸ ಮಾಡಿಸಿದೆ. ಕಾಯಿಲಿನ ಪಕ್ಕದಲ್ಲೇ, ಹಸಿರು ವೈರಿನಲ್ಲೂ 1 ಆಂಪಿಯರಿನ ಒಂದು ಫ್ಯೂಸ್. ಮೀಟರಿಗೆ ಹೋಗುವ ಸಂಕೇತ ತೀರಾ ಅಲ್ಪ, ಆ ಫ್ಯೂಸಿಗೆ ಅದರ ಸುಳಿವೂ ಹತ್ತುವುದಿಲ್ಲ. ಆದರೆ ವೈರು ಎಲ್ಲಾದರೂ ಬಾಡಿಗೆ ತಾಗಿದರೆ, ಕಾಯಿಲಿನ 3 ಓಮ್ ರೋಧದ ಮೂಲಕ 12 ವೋಲ್ಟ್, ಅಂದರೆ ಸುಮಾರು 4 ಆಂಪಿಯರ್ ಅತ್ತ ನುಗ್ಗುತ್ತದೆ. ಫ್ಯೂಸ್ ಹಾರುತ್ತದೆ, ಹಾಳಾದ ವೈರು ಬೇರೆಯಾಗುತ್ತದೆ, ಕಾಯಿಲಿಗೆ ಮತ್ತೆ ಕಿಡಿ ಬರುತ್ತದೆ. ಮೀಟರ್ ಸತ್ತರೂ ಕಾರು ಬದುಕುತ್ತದೆ.

ಕೆಂಪು ವೈರಿಗೆ ಕೆಲವರು ಕಾಯಿಲಿನ 15ನೇ ತುದಿಯಿಂದಲೇ ಕರೆಂಟು ಎಳೆಯುತ್ತಾರೆ. ಕೆಲಸ ಮಾಡುತ್ತದೆ. ಆದರೆ ನನಗೆ ಒಪ್ಪಿಗೆಯಿಲ್ಲ. ಬೀಟಲ್ಲಿನಲ್ಲಿ ಕೀಲಿಯಿಂದ ಕಾಯಿಲಿಗೆ ಹೋಗುವ ವೈರಿಗೆ ಫ್ಯೂಸಿಲ್ಲ, ಕಾರ್ಬ್ಯುರೇಟರಿನ ಆಟೋಮ್ಯಾಟಿಕ್ ಚೋಕ್ ಕೂಡ ಅದನ್ನೇ ನಂಬಿಕೊಂಡಿದೆ. ಇನ್ನೊಬ್ಬ ನೆಂಟನನ್ನು ಅಲ್ಲಿ ಕಟ್ಟಿಹಾಕುವುದು ಬೇಡ. ಡ್ಯಾಶ್‌ಬೋರ್ಡಿನ ಕೆಳಗೇ ಫ್ಯೂಸ್ ಪೆಟ್ಟಿಗೆ ಇದೆ. ವೈಪರಿನ ಫ್ಯೂಸು ಕೀಲಿ ತಿರುಗಿಸಿದಾಗ ಮಾತ್ರ ಜೀವಂತವಾಗುತ್ತದೆ. ಅದರ ಹೊರಗಡೆ ತುದಿಯಿಂದ, ನಡುವೆ 2 ಆಂಪಿಯರಿನ ನಮ್ಮದೇ ಫ್ಯೂಸ್ ಇಟ್ಟು, ಕೆಂಪು ವೈರು ಕೊಟ್ಟೆವು. ಬ್ಯಾಟರಿ ಮತ್ತೆ ಜೋಡಿಸಿ ಮಲ್ಟಿಮೀಟರಿನಿಂದ ಖಾತ್ರಿ ಮಾಡಿಕೊಂಡೆವು. ಕೀಲಿ ಬಂದ್ ಇದ್ದಾಗ ಸೊನ್ನೆ, ತಿರುಗಿಸಿದಾಗ 12. ಈ ಪರೀಕ್ಷೆ ಮಾಡುವಾಗ ಕಾಯಿಲಿನ 15ನೇ ವೈರು ಬಿಚ್ಚಿಡಿ. ಎಂಜಿನ್ ಓಡದೆ ಕೀಲಿ ಮಾತ್ರ ತಿರುಗಿಸಿ ಬಹಳ ಹೊತ್ತು ಬಿಟ್ಟರೆ, ಪಾಯಿಂಟ್ ಮುಚ್ಚಿರುವಲ್ಲಿ ನಿಂತಿದ್ದರೆ ಕಾಯಿಲ್ ಸುಮ್ಮನೆ ಬಿಸಿಯಾಗುತ್ತಾ ಕೂರುತ್ತದೆ.

ಕಪ್ಪು ವೈರಿಗೆ ಬಣ್ಣ ಕೆರೆದು ಹೊಳೆಯುವ ಲೋಹ ಕಾಣುವ ಜಾಗ ಬೇಕು. ಬಿಳಿ ವೈರು ಮೀಟರು ದೀಪದ ಸಾಲಿಗೆ. ಮೀಟರನ್ನು ಸ್ಟೀರಿಂಗ್ ಕಂಬಕ್ಕೆ ಪಟ್ಟಿಯಿಂದ ಬಿಗಿದೆವು, ಡ್ಯಾಶ್‌ಬೋರ್ಡಿಗೆ ಇನ್ನೊಂದು ತೂತು ಬೇಡ ಅಂತ. ಮಧ್ಯೆ ಊಟಕ್ಕೆ ಬಿಸಿಬೇಳೆ ಬಾತ್. ಕೈಗೆ ಹತ್ತಿದ ಗ್ರೀಸು ಬಟ್ಟಲಿಗೂ ಹತ್ತಿದ್ದರ ಬಗ್ಗೆ ನಡೆದ ಚರ್ಚೆಯನ್ನು ಇಲ್ಲಿ ಬರೆಯುವುದಿಲ್ಲ.

ಭಾನುವಾರ ಬೆಳಿಗ್ಗೆ ಕೀಲಿ ತಿರುಗಿಸಿದಾಗ ಮುಳ್ಳು ಸೊನ್ನೆಯ ಮೇಲೆ ಮಿಸುಕಾಡಿ ನಿಂತಿತು. ಎಂಜಿನ್ ಹೊತ್ತಿಕೊಂಡಿತು. ಮುಳ್ಳು ಎದ್ದು 1100ರ ಹತ್ತಿರ ಹೋಗಿ, ಅಲ್ಲಿ ನಡುಗತೊಡಗಿತು. 1000, 1200, 900, ಮತ್ತೆ 1100. "ಮೀಟರ್ ಡಿಫೆಕ್ಟ್. ವಾಪಸ್ ಕಳಿಸೋಣ" ಎಂದು ಮಗ ಫೋನು ಕೈಗೆತ್ತಿಕೊಂಡ. ಇಂದಿನ ಮಕ್ಕಳಿಗೆ ರಿಟರ್ನ್ ಒತ್ತುವುದು ಉಸಿರಾಡಿದಷ್ಟೇ ಸುಲಭ!

ತಡಿ ಎಂದು, ಗ್ಯಾರೇಜಿನ ಮೂಲೆಯಿಂದ ಡ್ವೆಲ್ ಮೀಟರ್ ತೆಗೆದೆ. ಹಳೆಯ ಮೆಕ್ಯಾನಿಕ್ಕುಗಳ ಸಾಧನ ಅದು. ಪಾಯಿಂಟ್ ಎಷ್ಟು ಡಿಗ್ರಿ ತಿರುಗುವವರೆಗೆ ಮುಚ್ಚಿರುತ್ತದೆ ಎಂದು ತೋರಿಸುತ್ತದೆ. ಬೀಟಲ್ಲಿಗೆ ಅದು 44ರಿಂದ 50 ಡಿಗ್ರಿಯ ಒಳಗಿರಬೇಕು. ನಮ್ಮದು 38ರ ಸುತ್ತ ಓಲಾಡುತ್ತಿತ್ತು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ನೋಡಿದರೆ ಪಾಯಿಂಟಿನ ಒಂದು ಮುಖ ಸುಟ್ಟು ಗುಳಿ ಬಿದ್ದಿದೆ, ಇನ್ನೊಂದರ ಮೇಲೆ ಗುಡ್ಡ ಬೆಳೆದಿದೆ. ಅಂದರೆ ಮೀಟರ್ ಸುಳ್ಳು ಹೇಳುತ್ತಿರಲಿಲ್ಲ. ನಾಡಿಯೇ ತಪ್ಪುತ್ತಿತ್ತು. ಹೊಸ ಪಾಯಿಂಟ್, ಜೊತೆಗೆ ಹೊಸ ಕಂಡೆನ್ಸರ್ ಹಾಕಿ, 0.4 ಮಿಲಿಮೀಟರ್ ಸಂದು ಇಟ್ಟು, ಡ್ವೆಲ್ 48ಕ್ಕೆ ತಂದು, ಟೈಮಿಂಗ್ ಸರಿಮಾಡಿ, ಐಡಲ್ ಇಳಿಸಿದ ಮೇಲೆ ಮುಳ್ಳು 850ರಲ್ಲಿ ಬಂದು ಕೂತಿತು. ನಡುಕವಿಲ್ಲ. ಇಷ್ಟು ದಿನ ಕಾರು ಓಡುತ್ತಲೇ ಇತ್ತು, ನಮ್ಮಿಬ್ಬರ ಕಿವಿಗೂ ಏನೂ ಕೇಳಿಸಿರಲಿಲ್ಲ ನೋಡಿ. ಕಿವಿಯ ಬಗ್ಗೆ ಮೇಲೆ ಕೊಚ್ಚಿಕೊಂಡದ್ದರಲ್ಲಿ ಸ್ವಲ್ಪ ಕಡಿತ ಮಾಡಿ ಓದಿಕೊಳ್ಳಿ.

ಮೀಟರ್ ಸರಿಯಿದೆಯೇ ಎಂದು ರಸ್ತೆಯಲ್ಲಿ ಲೆಕ್ಕ ಹಾಕಿಯೂ ನೋಡಬಹುದು. ಟೈರಿನ ಸುತ್ತಳತೆ ಮತ್ತು ಗೇರುಗಳ ಅನುಪಾತ ಗೊತ್ತಿದ್ದರೆ ಸಾಕು. ನಮ್ಮ ಕಾರಿಗೆ ನಾಲ್ಕನೇ ಗೇರಿನಲ್ಲಿ 60 ಮೈಲಿ ವೇಗಕ್ಕೆ ಸುಮಾರು 3000 ಸುತ್ತು ಬರಬೇಕು, ಬಂತು. ಗಣಿತದಲ್ಲಿ ನನ್ನ ಮಗ ಇಷ್ಟು ಆಸಕ್ತಿಯಿಂದ ಭಾಗಾಕಾರ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಅದೇ ಲೆಕ್ಕದಿಂದ ಗ್ರೇಪ್‌ವೈನ್‌ಗೆ ಒಂದು ನಿಯಮ ಬರೆದುಕೊಂಡೆವು. 40 ಮೈಲಿ ವೇಗದಲ್ಲಿ ನಾಲ್ಕನೇ ಗೇರಾದರೆ ಎಂಜಿನ್ 2000ದ ಆಸುಪಾಸು, ಫ್ಯಾನು ಸುಸ್ತು. ಅದೇ 40ರಲ್ಲಿ ಮೂರನೇ ಗೇರಾದರೆ 2800. ಕಾರಿನ ವೇಗ ಒಂದೇ, ಎಂಜಿನ್ನಿಗೆ ಸಿಗುವ ಗಾಳಿ ಮಾತ್ರ ಎಷ್ಟೋ ಪಾಲು ಹೆಚ್ಚು. ಈ ಎಂಜಿನ್ ಪೂರ್ತಿ ಶಕ್ತಿ ಕೊಡುವುದು 4000ದ ಹತ್ತಿರ, ಆದ್ದರಿಂದ 2800 ಎಂದರೆ ಹೆದರುವಂಥದ್ದೇನಲ್ಲ. ಏರಿನಲ್ಲಿ ಮುಳ್ಳು 2500ರ ಕೆಳಗಿಳಿದರೆ ಗೇರು ಇಳಿಸು, ಬಲಗಡೆ ಟ್ರಕ್ಕುಗಳ ಸಾಲಿನಲ್ಲಿ ಹೋಗು, ಯಾರು ಹಾರ್ನ್ ಹೊಡೆದರೂ ನಾಚಬೇಡ. ಜನರೇಟರಿನ ಕೆಂಪು ದೀಪ ಹತ್ತಿದರೆ ಬೆಲ್ಟು ಹರಿದಿರಬಹುದು, ಬೆಲ್ಟು ಹರಿದರೆ ಫ್ಯಾನೂ ಇಲ್ಲ, ಅಲ್ಲೇ ಬದಿಗೆ ನಿಲ್ಲಿಸು. ಹೊಸ ಬೆಲ್ಟೊಂದು ಮುಂದಿನ ಡಿಕ್ಕಿಯಲ್ಲಿ ಸದಾ ಇರುತ್ತದೆ.

ಮೊದಲ ಸಲ ಜೊತೆಗೆ ನಾನೂ ಹೋಗಿದ್ದೆ. ಸ್ಟೀರಿಂಗ್ ಅವನ ಕೈಯಲ್ಲಿ. ಅರ್ಧ ಏರಿನಲ್ಲಿ ಮುಳ್ಳು ಜಾರತೊಡಗಿದಾಗ ನಾನು ಬಾಯಿ ತೆರೆಯುವ ಮೊದಲೇ ಅವನು ಕ್ಲಚ್ಚು ತುಳಿದು ಮೂರಕ್ಕೆ ಎಳೆದ. ಎಂಜಿನ್ನಿನ ಸದ್ದು ಏರಿತು. "ಈಗ ಕೇಳಿಸ್ತಾ ಇದೆ ಅಪ್ಪ, ಎರಡಕ್ಕೂ ವ್ಯತ್ಯಾಸ" ಎಂದ. ನಾನು ಕಿಟಕಿಯಾಚೆ ನೋಡುತ್ತಾ ಕೂತೆ.

ಬೇರೆ ಕಾರುಗಳವರಿಗೆ ಎರಡು ಮಾತು. ತೊಂಬತ್ತರ ದಶಕದ ಕೊರೊಲಾಗಳ ಅಗ್ಗದ ಮಾದರಿಗಳಲ್ಲೂ ಟ್ಯಾಕೋಮೀಟರ್ ಇರುತ್ತಿರಲಿಲ್ಲ. ಆ ಕಾಲದ ಟೊಯೋಟಾಗಳ ಬಾನೆಟ್ಟಿನ ಕೆಳಗೆ 'ಡಯಾಗ್ನೋಸಿಸ್' ಎಂದು ಬರೆದ ಪುಟ್ಟ ಪೆಟ್ಟಿಗೆಯಲ್ಲಿ 'ಐಜಿ ಮೈನಸ್' ಎಂಬ ತುದಿ ಇರುತ್ತದೆ. ನಾಡಿ ಅಲ್ಲಿ ಸಿಗುತ್ತದೆ. ಆದರೆ ಆ ತುದಿಯನ್ನು ಬಾಡಿಗೆ ತಾಗಿಸಲೇಬಾರದು ಎಂದು ಕಂಪನಿಯ ಕೈಪಿಡಿಯೇ ಎಚ್ಚರಿಸುತ್ತದೆ, ಅದರಿಂದ ಇಗ್ನೈಟರ್ ಸುಡಬಹುದು. ಎಲ್ಲ ಮೀಟರುಗಳೂ ಅದಕ್ಕೆ ಹೊಂದುವುದಿಲ್ಲ, ಕೇಳಿಯೇ ಕೊಳ್ಳಿ. ಒಂದೊಂದು ಪ್ಲಗ್ಗಿಗೂ ಬೇರೆ ಬೇರೆ ಕಾಯಿಲ್ ಇರುವ ಎಂಜಿನ್ನಿಗೆ ಈ ವಿಧಾನ ನೇರವಾಗಿ ಒಗ್ಗುವುದಿಲ್ಲ, ಅದಕ್ಕೆಂದೇ ಅಡಾಪ್ಟರ್ ಬರುತ್ತದೆ. ಕಾಯಿಲಿಗೆ ಹೆಚ್ಚು ವೋಲ್ಟಿನ ಇಗ್ನಿಷನ್ ಪೆಟ್ಟಿಗೆ ಹಾಕಿಸಿಕೊಂಡಿದ್ದರೆ ಪೆಟ್ಟಿಗೆಯಲ್ಲೇ ಟ್ಯಾಕೋಮೀಟರಿಗೆಂದು ಬಿಟ್ಟ ತುದಿಯಿಂದ ಮಾತ್ರ ವೈರು ತನ್ನಿ. ಡೀಸೆಲ್ ಕಾರಿಗೆ ಕಿಡಿಯೇ ಇಲ್ಲದ್ದರಿಂದ ಸಂಕೇತವನ್ನು ಆಲ್ಟರ್ನೇಟರಿನ 'ಡಬ್ಲ್ಯು' ತುದಿಯಿಂದ ತೆಗೆಯುತ್ತಾರೆ. 1966 ಮತ್ತು ಅದಕ್ಕೂ ಹಿಂದಿನ ಬೀಟಲ್ ಇಲ್ಲಿ ಯಾರ ಬಳಿಯಾದರೂ ಇದ್ದರೆ, ಅದು 6 ವೋಲ್ಟಿನದು, 12 ವೋಲ್ಟಿನ ಮೀಟರನ್ನು ಹಾಗೇ ಜೋಡಿಸಬೇಡಿ.

ಡ್ವೆಲ್ ಮೀಟರ್ ಈಗ ಎಲ್ಲ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಕೂಟದ ಸದಸ್ಯರಿಗೆ ಬೇಕಿದ್ದರೆ ನನ್ನದನ್ನು ಎರವಲು ಕೊಡುತ್ತೇನೆ, ಯುಗಾದಿ ಕಾರ್ಯಕ್ರಮದ ದಿನ ಕಾರಿನಲ್ಲೇ ಇಟ್ಟುಕೊಂಡು ಬರುತ್ತೇನೆ. ಒಬ್ಬಟ್ಟಿನ ಸಾಲಿನಲ್ಲಿ ನಿಂತಿರುವಾಗ ಮಾತ್ರ ಕೇಳಬೇಡಿ.